ನನ್ನ ಫೋನಿಗೆ ಬಿಡುಗಡೆ

ಗೆಳೆಯರೇ, ಇವತ್ತು ಗಡಿಯೂರು ಮೂಕಂಡಪಲ್ಲಿಯ ನಮ್ಮ ಬಾಡಿಗೆ ಮನೆಯಲ್ಲಿ ದೆವ್ವ ಬಿಡಿಸಿದರು. ದೆವ್ವ ಹಿಡಿದಿದ್ದು ನನ್ನ ಫೋನಿಗೆ.

ಮಧ್ಯಾಹ್ನ ಮನೆ ಪ್ರಾರ್ಥನೆ ಇತ್ತು. ದೇವರು ಮಾಡಿದ ಉಪಕಾರಕ್ಕೆ ಒಬ್ಬೊಬ್ಬರೂ ಸಾಕ್ಷಿ ಹೇಳಬೇಕು. ನನ್ನ ತಮ್ಮ ಬೈಕ್ ಅಪಘಾತದಲ್ಲಿ ತೀರಿಹೋಗಿ ಒಂದು ತಿಂಗಳಾಯಿತು. ನನ್ನ ಬಾಯಿಂದ ಏನು ಬರಬೇಕು? ಅವನೇ ಫೋನಿಗೆ ಹಾಕಿಕೊಟ್ಟಿದ್ದ ಅಮೆರಿಕದ ಕ್ರಿಶ್ಚಿಯನ್ ರ‍್ಯಾಪ್ ಹಚ್ಚಿದೆ. ಗಲ್ಲಿಯ ಗುಂಡೇಟಿಗೆ ತಮ್ಮನನ್ನು ಕಳೆದುಕೊಂಡವನು, ‘ಯೇಸುವೇ, ಆಗ ಎಲ್ಲಿದ್ದೆ?’ ಎಂದು ಕೇಳುವ ಹಾಡು. ಹಿಂದೆ ಪೊಲೀಸ್ ಸೈರನ್, ಎದೆಗೆ ಗುದ್ದುವ ಡ್ರಮ್.

ಸಭೆಯ ಹಿರಿಯರಾದ ಸಾಮುವೇಲಣ್ಣ ಎದ್ದು ನಿಂತರು. “ಏನ್ಲಾ ಇದು?”

“ಯೇಸಪ್ಪನ ಹಾಡೇ ಅಣ್ಣ.”

“ಯೇಸಪ್ಪನ್ನ ಹಿಂಗೆ ಬೈದಂಗೆ ಹಾಡ್ತಾರೇನ್ಲಾ? ಸೈತಾನ ಸೇರ್ಕೊಂಡವ್ನೆ ಕಣ್ಲಾ ಇದ್ರೊಳ್ಗೆ!”

ಒಂದು ತಿಂಗಳಿಂದ ನನಗೂ ಯೇಸಪ್ಪನನ್ನು ಬೈಯಬೇಕು ಅನ್ನಿಸುತ್ತಿದೆ. ಫೋನನ್ನು ಟೀಪಾಯಿ ಮೇಲಿಟ್ಟು ಹತ್ತು ಜನ ಅದರ ಮೇಲೆ ಕೈಯಿಟ್ಟರು, ಅಮ್ಮನೂ ಸೇರಿ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಪ್ರಾರ್ಥಿಸಿ, ಹಾಡನ್ನು ಅಳಿಸಿಯೂ ಹಾಕಿದರು. ಆಮೇಲೆ ಎಲ್ಲರಿಗೂ ಕಾಫಿ.

ಫೋನಿಗೀಗ ಬಿಡುಗಡೆಯಾಗಿದೆ. ನನ್ನ ತಲೆಯ ಮೇಲೆ ಕೈಯಿಡಲು ಮಾತ್ರ ಯಾರಿಗೂ ನೆನಪಾಗಲಿಲ್ಲ.