ನಮ್ಮ ನಿಧಿ, ಪಂಪಣ್ಣನ ಗುಂಡಿ

ಬೀಗ ತೆಗೆದು ಬಾಗಿಲು ತಳ್ಳಿದೆ. ಬೆಡ್‌ರೂಮಿಗೆ ನೆಲವೇ ಇರಲಿಲ್ಲ.

ಹಾಸುಗಲ್ಲು ಕಿತ್ತು ಗೋಡೆಗೆ ಒರಗಿಸಿದ್ದರು. ನಡುವೆ ಸೊಂಟದ ಮಟ್ಟದ ಗುಂಡಿ, ದಂಡೆಯ ಮೇಲೆ ಅರಿಶಿನ, ಕುಂಕುಮ. ಯಾರೋ ಪೂಜೆ ಮಾಡಿ ಶಾಸ್ತ್ರೋಕ್ತವಾಗಿಯೇ ಮನೆ ಹಾಳು ಮಾಡಿದ್ದರು.

ನನ್ನ ಹಿಂದೆ ಹೆಂಡತಿ ಶೋಭಾ, ಅವಳ ತೋಳಲ್ಲಿ ನಮ್ಮ ಐದು ತಿಂಗಳ ಮಗಳು. ಕಂಪ್ಲಿಯ ತವರುಮನೆಯಲ್ಲಿ ಬಾಣಂತನ ಮುಗಿದಿತ್ತು; ಕರೆತರಲು ನಾನು ಮೂರು ದಿನ ಮನೆಗೆ ಬೀಗ ಹಾಕಿ ಹೋಗಿ, ಆವತ್ತೇ ಅವರೊಂದಿಗೆ ಬಂದಿದ್ದೆ. ಓನರ್ ಹೆಂಡತಿ ಹುಲಿಗೆಮ್ಮ ಆರತಿ ತಟ್ಟೆ ಹಿಡಿದವರು ಹಾಗೇ ನಿಂತುಬಿಟ್ಟರು.

ಮನೆ ಇರುವುದು ಕಡ್ಡಿರಾಂಪುರದಲ್ಲಿ. ನಾನು ಹೊಸಪೇಟೆಯ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಓನರ್ ಪಂಪಣ್ಣ ಪಕ್ಕದಲ್ಲೇ ಇದ್ದಾರೆ, ನಮಗೂ ಅವರಿಗೂ ನಡುವೆ ಒಂದೇ ಗೋಡೆ.

ಆ ಗೋಡೆಗೆ ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದಂತೆ ಓಡಿಬರುವ ಮನುಷ್ಯ ಅವರು. ನಾವು ಕ್ಯಾಲೆಂಡರನ್ನು ಕಿಟಕಿ ಸರಳಿಗೆ ಕಟ್ಟಿಕೊಂಡಿದ್ದೇವೆ!

ನಾನು ಗುಂಡಿ ನೋಡುತ್ತಾ ನಿಂತಿರುವಾಗಲೇ ಪಂಪಣ್ಣ ಬಂದರು. ಬಂದವರೇ ತಲೆ ಮೇಲೆ ಕೈ ಹೊತ್ತು, ಓಣಿಯವರನ್ನೆಲ್ಲ ಕೂಗಿ ಕರೆದರು. ಬಾಡಿಗೆಗೆ ಬಂದವನು ನಿಧಿಗಾಗಿ ತಮ್ಮ ಮನೆ ಅಗೆದಿದ್ದಾನೆ ಅಂತ!

ಅವರು ಇತ್ತೀಚೆಗೆ ಫೋನಿನಲ್ಲಿ ಥ್ರಿಲ್ಲರ್ ಸಿನಿಮಾ ನೋಡುವುದು ಜಾಸ್ತಿಯಾಗಿದೆ. ಒಂದರಲ್ಲಿ ಬಾಡಿಗೆದಾರ ಮೊದಮೊದಲು ಭಾರಿ ಸಂಭಾವಿತನಂತೆ, ಆಮೇಲೆ ಮನೆಯನ್ನೇ ಒಡೆದು ಹಾಕಿದನಂತೆ. ನಾನೂ ಅದೇ ಥರ ಅಂತ ಎಲ್ಲರಿಗೂ ವಿವರಿಸಿದರು.

“ಒಂದನೇ ತಾರೀಖಿಗೇ ಬಾಡಿಗಿ ಕೊಡ್ತಿದ್ದ ನೋಡ್ರಿ... ಅವತ್ತ ನನಗ ಅನುಮಾನ ಬಂದಿತ್ತು.”

ಬರೀ ಅನುಮಾನ ಅಲ್ಲ, ಸಾಕ್ಷಿಯೂ ಇತ್ತು. ಹೆಂಡತಿ ತವರಿನಲ್ಲಿದ್ದಾಗ ನಾನು ಫೋನಿನಲ್ಲಿ ಆಡಿದ ಮಾತನ್ನೆಲ್ಲ ಗೋಡೆಯಾಚೆಯಿಂದ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು.

“ನಿಧಿ ಮೂರು ಕೇಜಿ ಐತೆ ಅಂದ. ಯಾರಿಗೂ ತೋರಿಸಬ್ಯಾಡ್ರಿ ಅಂದ. ಅಮಾಸಿ ಕಳದಮ್ಯಾಲ ಮನಿಗೆ ತರೂಣು ಅಂದ!”

ಓಣಿಯವರು ನನ್ನನ್ನು ನೋಡುವ ನೋಟವೇ ಬದಲಾಯಿತು. ಹಂಪಿ ಪಕ್ಕದ ಊರು ಸ್ವಾಮಿ ಇದು... ಇಲ್ಲಿ ನಿಧಿ ಅಂದರೆ ಅದು ಕೂಸಿನ ಹೆಸರು ಅಂತ ಯಾರ ತಲೆಗೂ ಹೊಳೆಯುವುದಿಲ್ಲ.

ನಮ್ಮ ಮಗಳ ಹೆಸರು ನಿಧಿ. ಹೆಸರಿಟ್ಟಿದ್ದು ಕಂಪ್ಲಿಯಲ್ಲಿ, ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ವಿಷಯದಲ್ಲಿ ‘ಬಂದಳು, ಹೋದಳು’ ಇಲ್ಲ. ‘ಬಂತು, ಹೋತು, ಐತೆ’ ಅಷ್ಟೇ. ಅತ್ತೆಯ ಮಾತು ಕೇಳಿ ದೃಷ್ಟಿ ತಾಗದಿರಲಿ ಅಂತ ತೊಟ್ಟಿಲಿನ ಕೊಂಡಿಗೆ ನಿಂಬೆಹಣ್ಣು ಬೇರೆ ಕಟ್ಟಿ ಹೋಗಿದ್ದೆ. ಅದೇ ನಿಧಿಯ ಗುರುತು ಅನ್ನುವಂತೆ ಗುಂಡಿ ಸರಿಯಾಗಿ ಅದರ ಕೆಳಗೇ ಬಿದ್ದಿತ್ತು.

ಸಂಜೆಯೊಳಗೆ ಮನೆ ಖಾಲಿ ಮಾಡಬೇಕು, ನೆಲ ತಮ್ಮದಾದ್ದರಿಂದ ಸಿಕ್ಕಿದ್ದರಲ್ಲಿ ಅರ್ಧ ಕೊಟ್ಟೇ ಹೋಗಬೇಕು ಅಂತ ಪಂಪಣ್ಣ ತೀರ್ಪು ಕೊಟ್ಟರು. ಎಳೆಗೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ನಿಧಿಗಳ್ಳ ಅಂತ ಹೆಸರು ಬಿದ್ದ ಮೇಲೆ ಈ ಸುತ್ತಿನಲ್ಲಿ ನನಗೆ ಮನೆ ಕೊಡುವವರು ಯಾರು?

ಶೋಭಾ ಮುಂದೆ ಬಂದಳು. ಸೆರಗಿನಲ್ಲಿ ಮುಚ್ಚಿದ್ದ ಕೂಸನ್ನು ಪಂಪಣ್ಣನ ಮುಂದೆ ಹಿಡಿದಳು.

“ನಿಧಿ ಅಂದ್ರ ಇದ ನೋಡ್ರಿ ಕಾಕಾ. ಆಗ ಮೂರು ಕೇಜಿ ಇತ್ತು, ಈಗ ಆರಾಗೈತೆ. ಅರ್ಧ ಬೇಕಂದ್ರ ರಾತ್ರಿಯೆಲ್ಲ ನೀವ ಎತ್ಕೊಂಡು ತಿರುಗಾಡ್ರಿ.”

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಹುಲಿಗೆಮ್ಮ ಮಾತ್ರ ನಗಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದರು.

“ಎರಡು ದಿನದಿಂದ ನಿಮ್ಮ ಸೊಂಟಕ್ಕ ಎಣ್ಣಿ ತಿಕ್ಕಾಕತ್ತೀನಿ. ಫೋನ್ ನೋಡಿದ್ರ ಸೊಂಟ ಹಿಡಿತೈತೇನ್ರಿ?”

ಪಂಪಣ್ಣ ಛಾವಣಿ ನೋಡಿದರು. ಮನೆಯ ಇನ್ನೊಂದು ಕೀಲಿ ಇರುವುದು ಅವರ ಹತ್ತಿರ ಅಂತ ಎಲ್ಲರಿಗೂ ಒಟ್ಟಿಗೇ ನೆನಪಾಯಿತು.

ಅಲ್ಲ, ನನಗೆ ಅರ್ಥವಾಗದ್ದು ಇಷ್ಟೇ. ಯಾವ ಬಾಡಿಗೆದಾರ ಬೇಕಂತ ಮನೆ ಹಾಳು ಮಾಡುತ್ತಾನೆ? ಅವನು ಅದೇ ಮನೆಯಲ್ಲಿ ಮಲಗಬೇಕಲ್ಲವಾ? ಸಿನಿಮಾದವರಿಗೆ ಮನೆ ಹುಡುಕಿ ಗೊತ್ತಿಲ್ಲ ಅನ್ನಿಸುತ್ತದೆ.

ಮರುದಿನ ಹುಲಿಗೆಮ್ಮನ ಕಾವಲಿನಲ್ಲಿ ಪಂಪಣ್ಣ ತಾವೇ ಮಣ್ಣು ತುಂಬಲು ಬಂದರು. ನಾವೆಲ್ಲೂ ಹೋಗಬೇಕಿಲ್ಲ ಅಂತ ಆಕೆ ಮೊದಲೇ ಹೇಳಿಯಾಗಿತ್ತು. ಚಹಾ ತರಲು ಆಕೆ ಆಚೆ ಹೋದದ್ದೇ ತಡ, ಪಂಪಣ್ಣ ಗುಂಡಿಯೊಳಗಿಂದ ನನ್ನನ್ನು ಸನ್ನೆ ಮಾಡಿ ಕರೆದರು.

“ತಮ್ಮಾ... ಹೆಂಗೂ ತೋಡೈತೆ. ಮುಚ್ಚೂಕಿಂತ ಮೊದ್ಲು ಇನ್ನೊಂದು ಮೊಳ ನೋಡೂಣೇನು?”

ಬಾಡಿಗೆದಾರನನ್ನೇ ಯಾವಾಗಲೂ ವಿಲನ್ ಮಾಡುವ ಸಿನಿಮಾದವರೇ, ಕನ್ನಡದಲ್ಲಿ ‘ಮನೆ ಒಡೆಯ’ ಅಂತ ಯಾರನ್ನು ಕರೀತಾರೆ ಅಂತ ಒಮ್ಮೆಯಾದರೂ ಯೋಚಿಸಿದ್ದೀರಾ?