ಕಿಸೆಯೊಳಗಿನ ಬೇರು

ಅಂಗಿ ಒಗೆಯುವ ಮೊದಲು ಕಿಸೆ ತಡಕುವುದು ಗೃಹಿಣಿಯರ ನಿತ್ಯವಿಧಿ. ಬನ್ನಂಜೆಯ ನಮ್ಮ ನೆರೆಮನೆಯವರಿಗೆ ಅಲ್ಲಿ ಬಸ್ಸಿನ ಟಿಕೇಟೋ ಚಿಲ್ಲರೆಯೋ ಸಿಗುತ್ತಿದ್ದರೆ, ನನಗೆ ಸಿಗುತ್ತಿದ್ದುದು ಬೇರು. ನಮ್ಮ ಯಜಮಾನರು ಸಸ್ಯವಿಜ್ಞಾನಿ. ಬೇರಿನ ರೋಗ ಮತ್ತು ಕೀಟಗಳ ನಿಗ್ರಹವೇ ಅವರ ಜೀವಿತೋದ್ಯೋಗ. ಎಪ್ಪತ್ತರ ದಶಕದುದ್ದಕ್ಕೂ ಕಾರ್ಕಳದ ಕಾಳುಮೆಣಸು, ಕಾಪುವಿನ ತೆಂಗು ಎಲ್ಲವೂ ಕಾಗದ ಸುತ್ತಿಕೊಂಡು ನಮ್ಮ ಮನೆಗೆ ಚಿಕಿತ್ಸೆಗೆ ಬಂದಿವೆ. ಇಸ್ತ್ರಿ ಮಾಡಿದ ಸೀರೆಯ ಮೇಲೆ ಬೇರುಹುಳವೊಂದು ವಾಯುವಿಹಾರ ಹೊರಟದ್ದನ್ನು ಕಂಡು ನಾನು ಕಿರುಚಿದಾಗ, "ಹೆದರಬೇಡ, ಅದು ಬಟ್ಟೆ ತಿನ್ನುವುದಿಲ್ಲ" ಎಂದು ಸಮಾಧಾನ ಹೇಳಿದ ಮಹಾನುಭಾವರು ಅವರು. ಇಂಥವರೊಡನೆ ಜಗಳವಾಡುವುದಾದರೂ ಹೇಗೆ, ನೀವೇ ಹೇಳಿ.

ಬೇರುವೈದ್ಯರ ದುರ್ವಿಧಿಯೆಂದರೆ, ರೋಗಿಯನ್ನು ಕಿತ್ತು ನೋಡದೆ ರೋಗ ತಿಳಿಯುವುದಿಲ್ಲ. ತಿಳಿಯುವಷ್ಟರಲ್ಲಿ ರೋಗಿಯೇ ಇರುವುದಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಕಟಪಾಡಿಯ ಲೀಲಕ್ಕನ ಮಲ್ಲಿಗೆ ಗಿಡಗಳು ಒಂದೊಂದಾಗಿ ಬಾಡತೊಡಗಿದವು. ಹೂ ಮಾರಿಯೇ ಅವರ ಮನೆ ನಡೆಯಬೇಕಿತ್ತು. ಹೋಲಿಸಿ ನೋಡಲು ಆರೋಗ್ಯವಂತ ಗಿಡವೂ ಒಂದು ಬೇಕೆಂದು ಇವರು ವಿನಯದಿಂದ ಕೇಳಿದ್ದೇ ತಡ, ಲೀಲಕ್ಕ ಅಡ್ಡ ನಿಂತರು.

"ಸತ್ತದ್ದನ್ನು ಬೇಕಾದಷ್ಟು ಕೊಂಡುಹೋಗಿ ಮಾರಾಯ್ರೇ. ಬದುಕಿದ್ದನ್ನೂ ಕಿತ್ತರೆ ನಾವು ಎಂತ ತಿನ್ನುವುದು?"

ಅಂದು ಊಟಕ್ಕೆ ಕುಳಿತ ಇವರ ದೃಷ್ಟಿ ಅನ್ನದ ಮೇಲಿರಲಿಲ್ಲ, ಅಂಗಳದ ಮೇಲಿತ್ತು. ಅಲ್ಲಿದ್ದುದು ನನ್ನ ಏಕೈಕ ಮಲ್ಲಿಗೆ. ಲೀಲಕ್ಕನೇ ಹಿಂದೊಮ್ಮೆ ಕೊಟ್ಟ ಗೆಲ್ಲಿನಿಂದ ಬೆಳೆದದ್ದು, ಮೈತುಂಬ ಮೊಗ್ಗು.

"ಎಂತ ಹಾಗೆ ನೋಡುವುದು?"

"ಏನಿಲ್ಲ."

"ಏನಿಲ್ಲ ಅಂದರೆ ಏನೋ ಉಂಟು, ಅಲ್ವಾ?"

ಮರುದಿನ ಬೆಳಿಗ್ಗೆ ಮೊಗ್ಗುಗಳನ್ನೆಲ್ಲ ಬಿಡಿಸಿಕೊಂಡು, "ಇನ್ನು ತೆಗೆಯಿರಿ" ಎಂದು ಮುಖ ತಿರುಗಿಸಿ ಒಳಗೆ ಬಂದೆ.

ನನ್ನ ಗಿಡದ ಬೇರು ಶುಭ್ರ, ಲೀಲಕ್ಕನದು ಕಪ್ಪು. ಅವರು ದಿನಾ ಎರಡು ಹೊತ್ತು ಅಕ್ಕಿ ತೊಳೆದ ನೀರು, ಹಿಂಡಿ ನೆನೆಸಿದ ನೀರು ಎಂದು ಬುಡಕ್ಕೆ ಹೊಯ್ದೇ ಹೊಯ್ದು, ನೆಂದ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆತಿತ್ತು. ನಾನೋ, ನೆನಪಾದಾಗ ನೀರು ಹಾಕುವವಳು. ನನ್ನ ಸೋಮಾರಿತನಕ್ಕೆ ದೊರೆತ ಏಕಮಾತ್ರ ವೈಜ್ಞಾನಿಕ ಮನ್ನಣೆ ಅದು!

"ಹಾಗಾದರೆ ಪ್ರೀತಿ ಮಾಡಿದ್ದೇ ತಪ್ಪಾ?" ಎಂದರು ಲೀಲಕ್ಕ.

"ಪ್ರೀತಿ ಮಾಡಿ. ನೀರು ಮಾತ್ರ ಮಣ್ಣು ಒಣಗಿದ ಮೇಲೆ" ಎಂದರು ಇವರು.

ಕಣಿ ತೋಡಿ ನೀರು ಹರಿಯಗೊಟ್ಟು, ಬುಡಕ್ಕೆ ಔಷಧ ಹಾಕಿದ ಮೇಲೆ ಉಳಿದ ಗಿಡಗಳು ಬಾಡುವುದನ್ನು ನಿಲ್ಲಿಸಿದವು. ಬರಬರುತ್ತಾ ಹೂವನ್ನೂ ಬಿಟ್ಟವು.

ಆಮೇಲೊಂದು ದಿನ ಒಗೆಯುವ ಕಲ್ಲಿನ ಬಳಿ ಕಿಸೆ ತಡಕಿದರೆ ಮತ್ತೆ ಒದ್ದೆ ಕಾಗದ, ಒಳಗೆ ಬೇರು. ಬೈಯಲೆಂದು ಬಾಯಿ ತೆರೆದವಳು ಬಿಡಿಸಿ ನೋಡಿದೆ: ಈ ಸಲ ಬೇರಿನ ಮೇಲೆ ಎರಡು ಹಸಿರೆಲೆ. ಲೀಲಕ್ಕ ಕೊಟ್ಟು ಕಳುಹಿಸಿದ್ದನ್ನು ಇವರು ಹೇಳಲು ಮರೆತಿದ್ದರು. ಅಂಗಿಯನ್ನು ಅಲ್ಲಿಯೇ ಬಿಟ್ಟು, ಅಂಗಳದ ಹಳೆಯ ಗುಂಡಿಯಲ್ಲಿ ಅದನ್ನು ನೆಟ್ಟು, ಒಂದು ಚೆಂಬು ನೀರು ಹೊಯ್ದೆ. ಎರಡನೆಯ ಚೆಂಬು ತುಂಬಿಸಿಕೊಂಡವಳು ತಡೆದು, ಅದರಲ್ಲಿ ಅಂಗಿ ಒಗೆದೆ.