ಐಸ್ ಸಾಹುಕಾರರ ನಾಲ್ಕು ಸೂಜಿ

ನನ್ನ ಗಂಡನಿಗೆ ಬೀದಿಯವರು ಇಟ್ಟಿರುವ ಹೆಸರು ಐಸ್ ಸಾಹುಕಾರ. ಅವರು ಇಟ್ಟಿದ್ದು ಗೇಲಿಗೆ. ಇವರು ಅದನ್ನು ಬಿರುದು ಅಂದುಕೊಂಡು ಅಂಗಡಿಯ ಬೋರ್ಡಿನ ಮೇಲೇ ಬರೆಸಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಕೊಡೆ ಹಿಡಿಯಲಿಲ್ಲ, ಬೋರ್ಡಿನ ಸುತ್ತ ಮಿಣಮಿಣ ದೀಪ ಹಾಕಿಸಿದರು. ಕೆಳಗೆ ಐಸ್‌ಕ್ರೀಮ್ ಅಂಗಡಿ, ಮೇಲೆ ನಮ್ಮ ಮನೆ. ಆ ದೀಪದ ದೆಸೆಯಿಂದ ನಮ್ಮ ಮಲಗುವ ಕೋಣೆ ಒಮ್ಮೆ ಕೆಂಪಗೆ, ಒಮ್ಮೆ ಹಸಿರಗೆ ಆಗುತ್ತಿರುತ್ತದೆ.

ಅಂಗಡಿಯಲ್ಲಿ ಇವರು ಎರಡೇ ಮಾತು ಕಲಿತಿದ್ದಾರೆ, ಅವೆರಡನ್ನೂ ದಿನವಿಡೀ ಕೆಲಸದವರ ತಲೆಗೆ ಕುಟ್ಟುತ್ತಾರೆ. ಒಂದು, ಎಷ್ಟು ತಣ್ಣಗಿಟ್ಟರೆ ಅಷ್ಟು ಒಳ್ಳೆಯದು. ಇನ್ನೊಂದು, ಕರಗಿದ ಮಾಲು ಸತ್ತ ಮಾಲು. ಒಮ್ಮೆ ಕರೆಂಟು ಹೋಗಿ ಡಬ್ಬಿಗಳೆಲ್ಲ ಕರಗಿದಾಗ, ಮತ್ತೆ ಗಟ್ಟಿ ಮಾಡೋಣ ಎಂದ ಕೆಲಸದವಳನ್ನು ಇವರು ಗಿರಾಕಿಗಳ ಎದುರೇ ಬೈದು ಅಳಿಸಿದ್ದರು.

ಈ ಮಹಾನುಭಾವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದು ಇವರ ಅಕ್ಕ, ಅಂದರೆ ನನ್ನ ಅತ್ತಿಗೆ. ತಾಯಿ ತೀರಿಕೊಂಡಾಗ ಇವರಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಅತ್ತಿಗೆ ತಮ್ಮನನ್ನು ನೋಡಿಕೊಳ್ಳುತ್ತಾ ಮದುವೆಯ ಮಾತನ್ನೇ ಮರೆತರು. ಈಗಲೂ ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಿಸಿ ಬಿಸಿ ಕೋನ್ ಸುತ್ತುತ್ತಾರೆ. ಅವರಿಗೆ ಉಬ್ಬಸ. ಹೋದ ಚಳಿಗಾಲದಲ್ಲಿ ಫ್ಲೂ ಬಂದು ಆಸ್ಪತ್ರೆ ಸೇರಿದರು, ಮೂಗಿಗೆ ಆಕ್ಸಿಜನ್ ಹಾಕಿದರು. ಇವರು ಹೊರಗೆ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತರು. ಅಳುವುದಕ್ಕೇನು, ಪುಕ್ಕಟೆ.

ಬಿಡುಗಡೆಯ ದಿನ ಡಾಕ್ಟರು ಬಿಡಿಸಿ ಹೇಳಿದ್ದರು. "ಮುಂದಿನ ಚಳಿಗಾಲಕ್ಕೆ ಮುಂಚೆ ಇವರಿಗೆ ಫ್ಲೂ ಇಂಜೆಕ್ಷನ್ ಹಾಕಿಸಿ. ಮನೆಯವರೂ ಹಾಕಿಸ್ಕೊಳ್ಳಿ. ಇನ್ನೊಂದ್ಸಲ ಬಂದ್ರೆ ಇವರ ಎದೆ ತಡ್ಕೊಳ್ಳಲ್ಲ."

ಸರ್ಕಾರಿ ಆಸ್ಪತ್ರೆಯಲ್ಲಿ ಅದು ವಯಸ್ಸಾದವರಿಗೆ ಮಾತ್ರ ಪುಕ್ಕಟೆ. ಅತ್ತಿಗೆಗೆ ಆ ವಯಸ್ಸು ಇನ್ನೂ ಆಗಿಲ್ಲ. ಹೊರಗೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಎಷ್ಟು ದುಡ್ಡು ಅಂತೀರಿ? ನಮ್ಮದೇ ಅಂಗಡಿಯ ಐದಾರು ಫ್ಯಾಮಿಲಿ ಪ್ಯಾಕು, ಮೇಲೆರಡು ಕೋನು, ಅಷ್ಟೇ! ಆದರೂ ಇವರು ಬೇಸಿಗೆ ಕಳೆದರು, ಮಳೆಗಾಲ ಕಳೆದರು.

"ಸ್ವಲ್ಪ ತಡಿಯೇ, ಸರ್ಕಾರದೋರು ಎಲ್ಲರಿಗೂ ಫ್ರೀ ಮಾಡ್ತಾರಂತೆ," ಎಂದರು.

"ಅವರು ಫ್ರೀ ಮಾಡೋ ತನಕ ಅತ್ತಿಗೆ ಇರಬೇಕಲ್ಲ?"

"ಥೂ, ಬಾಯಿ ಬಿಟ್ರೆ ಅಪಶಕುನ!"

ಎಮ್ಮೆಯ ಮೇಲೆ ಮಳೆ ಸುರಿದಂತೆ. ಕೊನೆಗೆ ಪಕ್ಕದ ಟೈಲರ್ ಅಂಗಡಿಯವರೆಲ್ಲ ಕೆಮ್ಮಲು ಶುರುಮಾಡಿದಾಗ, ನನ್ನ ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟೆ. "ಇದನ್ನ ಮಾರಿ ಅತ್ತಿಗೆಗೆ ಸೂಜಿ ಹಾಕಿಸ್ತೀನಿ. ಯಾಕೆ ಮಾರ್ದೆ ಅಂತ ಬೀದಿಗೆಲ್ಲ ಹೇಳ್ತೀನಿ," ಎಂದೆ. ಸಾಹುಕಾರರಿಗೆ ಆಗ ರೋಷ ಬಂತು. ಅಕ್ಕನ ಜೀವಕ್ಕೆ ಬಾರದ ರೋಷ ಮರ್ಯಾದೆಗೆ ಬಂತು.

ಹೋದವರು ಕ್ಲಿನಿಕ್ಕಿಗೆ ಹೋಗಲಿಲ್ಲ. ಮೆಡಿಕಲ್ ಶಾಪಿನಲ್ಲಿ ಚೌಕಾಸಿ ಮಾಡಿ, ಅತ್ತಿಗೆ, ನಾವಿಬ್ಬರು, ನಮ್ಮ ಮಗಳು, ಹೀಗೆ ನಾಲ್ಕು ಜನಕ್ಕೆ ನಾಲ್ಕು ಇಂಜೆಕ್ಷನ್ ಸಗಟು ತಂದರು. ಮರುದಿನ ಬೆಳಿಗ್ಗೆ ನರ್ಸಮ್ಮ ಅಂಗಡಿಗೇ ಬಂದು ಚುಚ್ಚುವುದೆಂದು ಏರ್ಪಾಟಾಯಿತು. ಊಟಕ್ಕೆ ಕೂತಾಗ ಇವರ ಬಡಾಯಿ ಕೇಳಬೇಕಿತ್ತು.

"ಆ ಮೆಡಿಕಲ್ ಶಾಪಿನೋನು, ಇದನ್ನ ತಣ್ಣಗಿಡಿ ಸಾರ್, ಆದ್ರೆ ಅಂತ ಏನೋ ಶುರು ಮಾಡ್ದ. ಅಯ್ಯಾ, ತಣ್ಣಗಿಡೋದನ್ನ ನನಗೆ ಹೇಳ್ಕೊಡ್ತೀಯಾ, ನಾನ್ಯಾರು ಗೊತ್ತಾ ಅಂದೆ. ಬಾಯಿ ಮುಚ್ಕೊಂಡ!"

ಆ 'ಆದ್ರೆ'ಯ ಮುಂದೆ ಏನಿತ್ತೆಂದು ಬೆಳಿಗ್ಗೆ ತಿಳಿಯಿತು.

ನರ್ಸಮ್ಮ ಬಂದರು. ಅತ್ತಿಗೆ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತರು. ಇವರು ಡೀಪ್ ಫ್ರೀಜರಿನ ತಳಕ್ಕೆ ಕೈಹಾಕಿ, ವೆನಿಲ್ಲಾ ಡಬ್ಬಿಯ ಅಡಿಯಿಂದ ನಾಲ್ಕು ಸಿರಿಂಜು ತೆಗೆದು, ಗಿರಾಕಿಗಳಿಗೆ ಕೊಡುವ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ ತಂದರು. ಚೆರ್ರಿ ಹಣ್ಣೊಂದನ್ನು ಇಡುವುದು ಬಾಕಿ.

ನರ್ಸಮ್ಮ ಒಂದನ್ನು ಬೆಳಕಿಗೆ ಹಿಡಿದರು. "ಇದೇನ್ರೀ, ಕಲ್ಲಾಗಿದೆಯಲ್ಲ!"

"ಆಗದೆ? ನಮ್ಮ ಫ್ರೀಜರ್ ಅಂದ್ರೆ ಏನಂದ್ಕೊಂಡಿದೀರಾ?"

"ಅಯ್ಯೋ ಯಜಮಾನ್ರೇ, ಇದನ್ನ ಫ್ರಿಡ್ಜಲ್ಲಿ ಇಡ್ಬೇಕು, ಫ್ರೀಜರಲ್ಲಲ್ಲ. ಗಟ್ಟಿಯಾಯ್ತು ಅಂದ್ರೆ ಔಷಧಿ ಕೆಟ್ಟ ಹಾಗೆ. ನಾಲ್ಕನ್ನೂ ಬಿಸಾಕಿ."

ಇವರ ಮುಖ ನೋಡಬೇಕಿತ್ತು! ಆದರೂ ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಬಾರದಲ್ಲ? ಸಿರಿಂಜನ್ನು ಅಂಗೈಯಲ್ಲಿಟ್ಟು ಉಜ್ಜತೊಡಗಿದರು. "ಎರಡು ನಿಮಿಷ ಇರಿ, ನೀರಾಗುತ್ತೆ. ಒಳಗಿರೋದು ಅದೇ ಔಷಧಿ ತಾನೇ?"

ಅತ್ತಿಗೆ ಸ್ಟೂಲಿನಿಂದಲೇ ಮೆಲ್ಲಗೆ ಕೇಳಿದರು. "ಕರಗಿದ ಮಾಲು ಸತ್ತ ಮಾಲು ಅಂತ ನೀನೇ ಅಲ್ವೇನೋ ಹೇಳೋದು?"

ಮೂಲೆಯಲ್ಲಿ ಲೋಟ ಒರೆಸುತ್ತಿದ್ದ ಕೆಲಸದವಳು ಕಿಸಕ್ಕೆಂದಳು. ಅವಳ ಹಳೆಯ ಬಾಕಿ ತೀರಿತು.

ಮೆಡಿಕಲ್ ಶಾಪಿಗೆ ಫೋನ್ ಮಾಡಿದರೆ, ಇದ್ದದ್ದೆಲ್ಲ ಖಾಲಿ, ಹೊಸದು ಬರುವುದು ಒಂದು ತಿಂಗಳಾದರೂ ಆಗಬಹುದು ಎಂದರು. ನರ್ಸಮ್ಮ ತಮ್ಮ ಔಷಧಿಯ ತಂಪು ಡಬ್ಬಿ ತೆರೆದು ನೋಡಿದರು. ಬೆಳಿಗ್ಗೆ ಒಬ್ಬರಿಗೆ ಹಾಕಬೇಕಿತ್ತಂತೆ, ಅವರಿಗೆ ಜ್ವರವಿತ್ತೆಂದು ಹಾಗೇ ತಂದಿದ್ದರಂತೆ. "ಒಂದಿದೆ. ಯಾರಿಗೆ ಹಾಕ್ಲಿ?"

ಇದೂ ಒಂದು ಪ್ರಶ್ನೆಯೇ? ಆದರೆ ಅತ್ತಿಗೆ ಎದ್ದು ನಿಂತರು. "ಅವನಿಗೆ ಹಾಕಮ್ಮ. ದಿನಾ ನೂರಾರು ಜನ ಬರ್ತಾರೆ, ಅಂಗಡಿ ನಡೆಸೋನು ಅವನು. ನಂದೇನು, ಮೂಲೇಲಿ ಕೂತಿರ್ತೀನಿ."

ಅವರು ಹಾಗೆ ಹೇಳಿದ್ದು ನನಗೆ ಆಶ್ಚರ್ಯವಾಗಲಿಲ್ಲ, ಜೀವನವಿಡೀ ಅವರು ಹೇಳಿದ್ದೇ ಅದು. ಆದರೆ ಈ ಮನುಷ್ಯ! ಆಸ್ಪತ್ರೆಯ ಬೆಂಚಿನ ಮೇಲೆ ಗೊಳೋ ಎಂದು ಅತ್ತ ಈ ತಮ್ಮ! ಅಂಗಿಯ ತೋಳು ಮೇಲಕ್ಕೆ ಮಡಿಸಿದರು ಕಣ್ರೀ. "ಅಕ್ಕ ಹೇಳಿದ್ಮೇಲೆ ಇನ್ನೇನು," ಎಂದು ನರ್ಸಮ್ಮನ ಕಡೆ ತಿರುಗಿದರು.

ನನ್ನ ಮೈಯೆಲ್ಲ ಉರಿದುಹೋಯಿತು. "ತೋಳು ಇಳಿಸ್ರೀ!" ಎಂದು ಕೂಗಿದೆ. ಹೊರಗೆ ನಿಂತಿದ್ದ ಗಿರಾಕಿಗಳೂ ತಿರುಗಿ ನೋಡಿದರು. "ನಾಚಿಕೆ ಆಗಲ್ವಾ ನಿಮಗೆ? ಯಾರ ಪ್ರಾಣಕ್ಕೆ ಅಂತ ತಂದಿದ್ದು ಇದು?"

ಇವರು ತೋಳು ಇಳಿಸಿ ಗುಂಡಿ ಹಾಕಿಕೊಂಡರು. ನಾನು ಅತ್ತಿಗೆಯನ್ನು ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದೆ. ಸೂಜಿ ಚುಚ್ಚುವಾಗ ಅವರು ನನ್ನ ಕೈ ಹಿಡಿದುಕೊಂಡರು.

ಆಮೇಲೆ ಸಾಹುಕಾರರು ಗಿರಾಕಿಗಳಿಗೆ ಹೇಳುತ್ತಿದ್ದದ್ದೇನು ಗೊತ್ತೇ? "ಒಂದೇ ಒಂದಿತ್ತು. ನನಗೆ ಬೇಡ, ಅಕ್ಕನಿಗೆ ಹಾಕಿ ಅಂದ್ಬಿಟ್ಟೆ." ಕೆಟ್ಟ ನಾಲ್ಕು ಸೂಜಿಗಳು ಮತ್ತೆ ವೆನಿಲ್ಲಾ ಡಬ್ಬಿಯ ಅಡಿಯನ್ನೇ ಸೇರಿದ್ದವು. ದುಡ್ಡು ಕೊಟ್ಟು ತಂದದ್ದನ್ನು ಬಿಸಾಕಲು ಕೈ ಬರಬೇಕಲ್ಲ.

ಮೂರು ವಾರ ಕಳೆಯಿತು. ಹೊಸ ಸೂಜಿ ಬರುವ ಮೊದಲೇ ಫ್ಲೂ ಬಂತು. ಮೊದಲು ಇವರಿಗೆ, ಆಮೇಲೆ ಮಗಳಿಗೆ, ಕೊನೆಗೆ ನನಗೆ. ಮೂವರೂ ಒಂದೇ ಕೋಣೆ ಸೇರಿ ಬಾಗಿಲು ಹಾಕಿಕೊಂಡೆವು, ಅತ್ತಿಗೆ ಒಳಗೆ ಕಾಲಿಡಕೂಡದೆಂದು ನಾನು ಆಣೆ ಹಾಕಿದ್ದೆ. ಮನೆಯಲ್ಲಿ ನೆಟ್ಟಗೆ ಓಡಾಡುತ್ತಿದ್ದವರು ಅವರೊಬ್ಬರೇ. ಬಿಸಿನೀರಿನ ಚೊಂಬು ಹೊಸ್ತಿಲ ಬಳಿ ಇಟ್ಟು, ಬಾಗಿಲು ತಟ್ಟಿ, ದೂರ ಸರಿಯುತ್ತಿದ್ದರು.

ಇವರಿಗೆ ಉಸಿರಾಡಿದರೆ ಎದೆ ನೋವು. ಮಂಚದ ಮೇಲೆ ಹೊರಳಾಡುತ್ತಾ, "ಅವತ್ತು ನೀನು ಅಡ್ಡ ಬರದೇ ಇದ್ದಿದ್ರೆ ನಾನೀಗ ಹೀಗೆ ಬಿದ್ದಿರ್ತಿರಲಿಲ್ಲ," ಎಂದು ನರಳಿದರು.

ನನಗೂ ಮೈ ಸುಡುತ್ತಿತ್ತು, ಆದರೂ ಚಾಪೆಯ ಮೇಲೆ ಎದ್ದು ಕೂತೆ. "ಹೌದು, ಇರ್ತಿರಲಿಲ್ಲ. ಆ ಮಂಚದ ಮೇಲೆ ಅತ್ತಿಗೆ ಇರ್ತಿದ್ರು. ಇಷ್ಟು ಹೊತ್ತಿಗೆ ಮಂಚದ ಮೇಲೂ ಇರ್ತಿರಲಿಲ್ಲ."

ಅಷ್ಟರಲ್ಲಿ ಬಾಗಿಲಾಚೆಯಿಂದ ಅತ್ತಿಗೆಯ ದನಿ ಬಂತು. "ಏನೋ, ಬಿಸಿನೀರು ಕುಡಿದ್ಯೇನೋ? ಎದೆನೋವು ಹೇಗಿದೆ?"

ಇವರು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡರು, ಒಳಗೆ ಭುಜಗಳು ಅಲುಗುತ್ತಿದ್ದವು.

"ಕುಡಿದ್ರು ಅತ್ತಿಗೆ," ಎಂದು ನಾನೇ ಕೂಗಿ ಹೇಳಿದೆ.